ಪರದೆ ಇಲ್ಲದ ಪುಟ್ಟ ಕಂಪ್ಯೂಟರ್‌ಗೆ ಬ್ರೌಸರ್ ಕಿಟಕಿ

ರೂಟರ್ ಪಕ್ಕದಲ್ಲೋ ಟಿವಿ ಹಿಂದೆಯೋ ಒಂದು ರಾಸ್‌ಬೆರಿ ಪೈ ಕೂರಿಸಿಕೊಂಡವರು ಈಗ ಕಡಿಮೆ ಏನಿಲ್ಲ. 2012ರಲ್ಲಿ ಬ್ರಿಟನ್ನಿನಲ್ಲಿ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಬಂದ ಅಂಗೈಯಗಲದ ಬೋರ್ಡು, ಇವತ್ತು ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಹುಟ್ಟುಹಬ್ಬದಿಂದ ಹಿಡಿದು ಎಲ್ಲ ಫೋಟೊಗಳನ್ನೂ ಕಾಯ್ತಾ ಕೂತಿದೆ. ಆದರೆ ಅದಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ. ಏನಾದರೂ ಕೈಕೊಟ್ಟರೆ ಲ್ಯಾಪ್‌ಟಾಪ್ ತೆಗೆದು, ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆಯಬೇಕು. ಅದು ಗೊತ್ತಿರೋದು ಮನೆಯಲ್ಲಿ ಒಬ್ಬರಿಗೇ!

ಇದಕ್ಕೆ ನನಗೆ ಹಿಡಿಸಿದ ಉಪಾಯ ಕಾಕ್‌ಪಿಟ್. ಉಚಿತ, ಮುಕ್ತ ತಂತ್ರಾಂಶ. ಪೈನಲ್ಲಿ ಇನ್‌ಸ್ಟಾಲ್ ಮಾಡಿಕೊಂಡು, ಫೋನಿನ ಬ್ರೌಸರ್‌ನಲ್ಲಿ ಪೈನ ಐಪಿ ವಿಳಾಸ, ಮುಂದೆ ಕೋಲನ್, 9090 ಅಂತ ಹಾಕಿದರೆ ಲಾಗಿನ್ ಪುಟ ಬರುತ್ತೆ. ಪೈನದ್ದೇ ಯೂಸರ್ ಹೆಸರು, ಪಾಸ್‌ವರ್ಡ್ ಸಾಕು. ಮೊದಲ ಸಲ ಬ್ರೌಸರ್ ‘ಸುರಕ್ಷಿತವಲ್ಲ’ ಅಂತ ಗದರುತ್ತೆ. ಪ್ರಮಾಣಪತ್ರವನ್ನು ಪೈ ತಾನೇ ಬರೆದುಕೊಂಡಿರುತ್ತಲ್ಲ, ಅದಕ್ಕೆ. ನಿಮ್ಮದೇ ವೈಫೈನಲ್ಲಿ ನಿಮ್ಮದೇ ಪೈಗೆ ಹೋಗುವಾಗ ಮುಂದುವರಿಯಬಹುದು. ಬ್ಯಾಂಕಿನ ಪುಟದಲ್ಲಿ ಮಾತ್ರ ಹಾಗೆ ಮಾಡಬೇಡಿ.

ಒಳಗೆ ಹೋದರೆ ಪ್ರೊಸೆಸರ್, ಮೆಮೊರಿ ಎಷ್ಟು ಬಳಕೆಯಾಗಿದೆ, ಯಾವ ಸರ್ವಿಸ್ ನಿಂತಿದೆ ಎಲ್ಲ ಕಾಣುತ್ತೆ. ನಾನು ಮೊದಲು ತೆರೆಯೋದು ಲಾಗ್ಸ್ ಪುಟ. ಪೈ ಆಗಾಗ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ, ವೋಲ್ಟೇಜ್ ಸಾಲುತ್ತಿಲ್ಲ ಅನ್ನೋ ಎಚ್ಚರಿಕೆ ಅಲ್ಲಿದೆಯಾ ನೋಡಿ. ಡ್ರಾಯರ್‌ನಲ್ಲಿದ್ದ ಹಳೇ ಮೊಬೈಲ್ ಚಾರ್ಜರ್ ಚುಚ್ಚಿದವರಿಗೆ ಈ ಸಾಲು ಚೆನ್ನಾಗಿ ಪರಿಚಯ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಬರೆಯುವ ಹೊತ್ತಲ್ಲಿ ಕರೆಂಟ್ ಕಡಿತವಾದರೆ ಮೆಮೊರಿ ಕಾರ್ಡಿನ ಫೈಲುಗಳೇ ಹಾಳಾಗಬಹುದು, ಫೋಟೊ ಸಮೇತ.

ಇನ್ನೊಂದು ಗುಣ. ಕಾಕ್‌ಪಿಟ್ ತನ್ನದೇ ಬೇರೆ ಲೆಕ್ಕ ಇಟ್ಟುಕೊಳ್ಳಲ್ಲ. ಟರ್ಮಿನಲ್‌ನಲ್ಲಿ ನಿಲ್ಲಿಸಿದ ಸರ್ವಿಸ್ ಇಲ್ಲೂ ನಿಂತಂತೆ ಕಾಣುತ್ತೆ. ಯಾರೂ ಬಳಸದಿದ್ದಾಗ ಮಲಗಿರುತ್ತೆ. ಪುಟ್ಟ ಯಂತ್ರಕ್ಕೆ ಅದೇ ದೊಡ್ಡ ಉಪಕಾರ.

ಊರಿಗೆ ಹೋದಾಗಲೂ ನೋಡಬೇಕು ಅನಿಸುತ್ತೆ. ಆಗ ರೂಟರ್‌ನಲ್ಲಿ 9090 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡೋದು ಸುಲಭದ ದಾರಿ. ದಯವಿಟ್ಟು ಬೇಡ. ಕಾಕ್‌ಪಿಟ್ ಒಳಗೇ ಒಂದು ಟರ್ಮಿನಲ್ ಇದೆ; ನಿಮ್ಮ ಪಾಸ್‌ವರ್ಡ್ ಸಿಕ್ಕವನಿಗೆ ಇಡೀ ಪೈ ಸಿಕ್ಕ ಹಾಗೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ. ಎಲ್ಲರಿಗೂ ಗೊತ್ತಿದ್ದ ‘ಪೈ’ ಅನ್ನೋ ಸಿದ್ಧ ಯೂಸರನ್ನು ರಾಸ್‌ಬೆರಿ ಪೈನವರೂ 2022ರ ಏಪ್ರಿಲ್‌ನಲ್ಲಿ ತೆಗೆದೇಬಿಟ್ಟರು. ನಿಮ್ಮದು ಅದಕ್ಕಿಂತ ಹಳೇ ಕಾರ್ಡಾದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ. ಹೊರಗಿಂದ ಬರೋಕೆ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಅರ್ಧ ಗಂಟೆ ಕೆಲಸ ಅಷ್ಟೇ.

ಮನೆಯವರಿಗೆ ಬೇರೆ ಅಕೌಂಟ್ ಮಾಡಿಕೊಡಿ, ಅಡ್ಮಿನ್ ಅಧಿಕಾರ ಕೊಡದೆ. ಸಿಸ್ಟಂ ಸ್ಥಿತಿ ನೋಡಬಹುದು, ಸೆಟ್ಟಿಂಗ್ ಮುಟ್ಟೋಕಾಗಲ್ಲ. ‘ಡಿಸ್ಕ್ ತುಂಬ್ತಾ ಬಂತು ಕಣೋ’ ಅಂತ ಅಕ್ಕ ಫೋನ್ ಮಾಡಿ ಹೇಳೋಕೆ ಅಷ್ಟು ಸಾಕು.