ಚಿತ್ರದ ಪೀರಿಯಡ್ ಕಸಿಯಬೇಡಿ

ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ ಲೋಕವೆಲ್ಲ ಸುತ್ತಿದೆ. ಅದನ್ನು ಬರೆದು ಚಿತ್ರಿಸಿದ ಎರಿಕ್ ಕಾರ್ಲ್ ಹುಟ್ಟಿದ್ದು 1929ರಲ್ಲಿ, ಅಮೆರಿಕದಲ್ಲಿ. ಆರನೇ ವಯಸ್ಸಿಗೆ ಅಪ್ಪ-ಅಮ್ಮನ ಜೊತೆ ಜರ್ಮನಿಗೆ ಹೋದರು. ಅಲ್ಲಿ ಸಿಕ್ಕಿದ್ದು ಬೆತ್ತದ ಶಾಲೆ. ಯುದ್ಧಕ್ಕೆ ಹೋದ ಅಪ್ಪ ರಷ್ಯನ್ನರ ಸೆರೆಯಾದರು. ಆ ಕತ್ತಲಲ್ಲೂ ಚಿತ್ರಕಲೆಯ ಮೇಷ್ಟ್ರೊಬ್ಬರು ನಾಜಿಗಳು ನಿಷೇಧಿಸಿದ್ದ ಹೊಸಕಾಲದ ಚಿತ್ರಗಳನ್ನು ಹುಡುಗನಿಗೆ ಗುಟ್ಟಾಗಿ ತೋರಿಸಿದರು. ಆ ಬಣ್ಣಗಳು ಮನಸ್ಸಲ್ಲೇ ಉಳಿದವು. 1952ರಲ್ಲಿ ಅವರು ನ್ಯೂಯಾರ್ಕಿಗೆ ಮರಳಿದರು. ತೆಳುಕಾಗದಕ್ಕೆ ಬಣ್ಣ ಬಳಿದು, ಕತ್ತರಿಸಿ ಅಂಟಿಸಿ ಮಾಡಿದ ಹುಳುವಿನ ಪುಸ್ತಕ 1969ರಲ್ಲಿ ಬಂತು. 2021ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಪುಸ್ತಕಗಳು ಎಪ್ಪತ್ತು ದಾಟಿದ್ದವು.

ನಮ್ಮ ಗಡಿನಾಡಿನ ಎಷ್ಟೋ ಶಾಲೆಗಳಲ್ಲಿ ಚಿತ್ರದ ಪೀರಿಯಡ್ ಅಂದ್ರೆ ಲೆಕ್ಕದ ಮೇಷ್ಟ್ರಿಗೆ ಬಿಟ್ಟುಕೊಡೋ ಪೀರಿಯಡ್! ಇದು ಸರಿಯೇ? ಪೋಷಕರೇ, ಮುಂದಿನ ಸಭೆಯಲ್ಲಿ ಮಾರ್ಕ್ಸ್ ವಿಚಾರಿಸುವ ಮೊದಲು ಇದನ್ನೊಂದು ಕೇಳಿ ನೋಡಿ.