ಖಿನ್ನತೆಗೆ ಗಿಡಮೂಲಿಕೆ: ‘ನೈಸರ್ಗಿಕ’ವೆಂದರೆ ನಿರಪಾಯವೇ?

ಔಷಧ ಅಂಗಡಿಗಳ ಕಪಾಟುಗಳಲ್ಲಿ ಅಶ್ವಗಂಧ, ಬ್ರಾಹ್ಮಿ, ಮೀನೆಣ್ಣೆಯ ಗುಳಿಗೆಗಳಿಗೆ ಈಗ ಪ್ರತ್ಯೇಕ ಸ್ಥಾನವಿದೆ. ಮನಸ್ಸಿನ ಭಾರ ಇಳಿಸುವ ಆಸೆಯಿಂದ ಅವನ್ನು ಕೊಳ್ಳುವವರಿಗೆ ವೈದ್ಯರ ಚೀಟಿ ಬೇಕಿಲ್ಲ. ಮನೋವೈದ್ಯರ ಬಾಗಿಲಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಳುಕೂ ಇಲ್ಲ. ಈ ಅನುಕೂಲವೇ ಅವುಗಳ ಆಕರ್ಷಣೆ. ಅಪಾಯದ ಮೂಲವೂ ಅದೇ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಅಂಥವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಕಂದರವನ್ನು ಗುಳಿಗೆಯ ಡಬ್ಬಿಗಳು ತುಂಬಬಲ್ಲವೇ ಎಂಬುದು ಪ್ರಶ್ನೆ.

ಮೂಲಿಕೆಗಳಿಗೆ ಗುಣವೇ ಇಲ್ಲ ಎನ್ನುವಂತಿಲ್ಲ. ಜರ್ಮನಿಯಲ್ಲಿ ವೈದ್ಯರೇ ಬಹುಕಾಲದಿಂದ ಬರೆದುಕೊಡುತ್ತಿರುವ ‘ಸೇಂಟ್ ಜಾನ್ಸ್ ವರ್ಟ್’ ಎಂಬ ಹಳದಿ ಹೂವಿನ ಗಿಡ ಇದಕ್ಕೆ ನಿದರ್ಶನ. 5,489 ರೋಗಿಗಳನ್ನೊಳಗೊಂಡ 29 ಪ್ರಯೋಗಗಳನ್ನು ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಪರಾಮರ್ಶೆಯು, ಅದರ ಸಾರ ಖಿನ್ನತೆ ನಿವಾರಕ ಮಾತ್ರೆಗಳಿಗೆ ಸರಿಸಮನಾಗಿ ಕೆಲಸ ಮಾಡುತ್ತದೆ ಎಂದಿತು. ಆದರೆ ಜರ್ಮನ್ ಭಾಷಿಕ ದೇಶಗಳ ಪ್ರಯೋಗಗಳಲ್ಲಿ ಕಂಡಷ್ಟು ಫಲ ಬೇರೆಡೆ ಕಾಣಲಿಲ್ಲ ಎಂಬುದನ್ನೂ ಅದೇ ಪರಾಮರ್ಶೆ ದಾಖಲಿಸಿದೆ.

ಔಷಧದಂತೆ ಕೆಲಸ ಮಾಡುವ ವಸ್ತು ಔಷಧದಂತೆಯೇ ತೊಂದರೆಯನ್ನೂ ಕೊಡಬಲ್ಲದು. ಈ ಗಿಡದ ಸಾರವು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ಇತರ ಔಷಧಗಳು ದೇಹದಿಂದ ಬೇಗನೆ ಹೊರಹೋಗುವಂತೆ ಮಾಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹೃದಯ ಕಸಿಗೆ ಒಳಗಾಗಿದ್ದ ಇಬ್ಬರು ಇದನ್ನು ಸೇವಿಸಿದ ಬಳಿಕ ಅವರ ದೇಹ ಕಸಿಯನ್ನು ತಿರಸ್ಕರಿಸತೊಡಗಿದ ಪ್ರಕರಣ 2000ದಲ್ಲಿ ವರದಿಯಾಯಿತು. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳ ಶಕ್ತಿಯೂ ಇದರಿಂದ ಕುಗ್ಗುತ್ತದೆ. ಖಿನ್ನತೆಯ ಮಾತ್ರೆಗಳೊಡನೆ ಬೆರೆತರಂತೂ ಪ್ರಾಣಕ್ಕೇ ಸಂಚಕಾರ ಬರಬಹುದು.

ಉಳಿದವುಗಳ ಆಧಾರ ಇನ್ನೂ ತೆಳುವಾದುದು. ಅಮೆರಿಕದಲ್ಲಿ 18,353 ವಯಸ್ಕರನ್ನು ಐದು ವರ್ಷಗಳಿಗೂ ಮಿಗಿಲಾಗಿ ಗಮನಿಸಿದ ಅಧ್ಯಯನದಲ್ಲಿ, ವಿಟಮಿನ್ ‘ಡಿ’ಯಾಗಲಿ ಮೀನೆಣ್ಣೆಯಾಗಲಿ ಖಿನ್ನತೆಯನ್ನು ತಡೆಯಲಿಲ್ಲ. ಅಶ್ವಗಂಧದ ಬಗೆಗಿನ ಪ್ರಯೋಗಗಳು ಬಹುಪಾಲು ಒತ್ತಡ, ನಿದ್ರೆಗೆ ಸಂಬಂಧಿಸಿದ ಚಿಕ್ಕ ಪ್ರಯೋಗಗಳು. ಅದರ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ಅಪರೂಪದ ಪ್ರಕರಣಗಳೂ ವರದಿಯಾಗಿವೆ. ಬ್ರಾಹ್ಮಿಯ ವಿಷಯದಲ್ಲಿ ಹೆಸರೇ ಗೊಂದಲ: ನಮ್ಮಲ್ಲಿ ತಂಬುಳಿಗೆ ಬಳಸುವ ಒಂದೆಲಗಕ್ಕೂ, ಅದಕ್ಕಿಂತ ಭಿನ್ನವಾದ ನೀರುಬ್ರಾಹ್ಮಿಗೂ ಅದೇ ಹೆಸರು.

ಕಾನೂನಿನ ದೃಷ್ಟಿಯಲ್ಲಿ ಪೂರಕಗಳು ಆಹಾರವೇ ಹೊರತು ಔಷಧವಲ್ಲ. ಆಹಾರ ಸುರಕ್ಷತಾ ಕಾಯ್ದೆ-2006ರ ಪ್ರಕಾರ ಅವು ರೋಗ ಗುಣಪಡಿಸುವುದಾಗಿ ಹೇಳಿಕೊಳ್ಳುವಂತಿಲ್ಲ. ಹೀಗಾಗಿ ಡಬ್ಬಿಯ ಮೇಲೆ ‘ಖಿನ್ನತೆ’ ಎಂಬ ಪದವಿರುವುದಿಲ್ಲ. ‘ಉಲ್ಲಾಸ’, ‘ನೆಮ್ಮದಿ’ ಎಂಬಂಥ ಪದಗಳಿರುತ್ತವೆ. ರೋಗದ ಹೆಸರನ್ನು ಕೊಳ್ಳುವವರೇ ತುಂಬಿಕೊಳ್ಳುತ್ತಾರೆ.

ಮೂಲಿಕೆಗಿಂತ ದೊಡ್ಡ ಅಪಾಯ ವಿಳಂಬ. ಎರಡು ವಾರ ಮೀರಿ ಬೇಸರ, ನಿರಾಸಕ್ತಿ ಕಾಡಿದರೆ ವೈದ್ಯರನ್ನು ಕಾಣಬೇಕು. ಸೇವಿಸುತ್ತಿರುವ ಗುಳಿಗೆಗಳ ಹೆಸರನ್ನು ಮುಚ್ಚಿಡದೆ ಹೇಳಬೇಕು. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಲಭ್ಯವಿದೆ. ಅಲ್ಲಿಗೂ ವೈದ್ಯರ ಚೀಟಿ ಬೇಕಿಲ್ಲ, ಯಾರ ಕಣ್ಣಿಗೂ ಬೀಳಬೇಕಿಲ್ಲ.