ಲೆಕ್ಕ ನಮ್ಮದು, ಕೀಲಿ ಯಾರದು?

ತಂತ್ರಾಂಶಕ್ಕೂ ಆಯುಷ್ಯವಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಮರುದಿನವೂ ಕಂಪ್ಯೂಟರ್ ಚಾಲೂ ಆಗುತ್ತದೆ, ಆದರೆ ಎಂದಿನಂತೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ಅದರ ಮೇಲೆ ಓಡುವ ಸಣ್ಣಪುಟ್ಟ ಬಿಲ್ಲಿಂಗ್ ತಂತ್ರಾಂಶಗಳ ಪಾಡು ಇನ್ನೂ ಕಷ್ಟ. ಮಾಡಿಕೊಟ್ಟವರು ಫೋನ್ ಎತ್ತದಿದ್ದರೆ ಕೇಳುವವರೇ ಇಲ್ಲ.

ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿರುವ ನಮ್ಮ ಝಳಕಿಯಲ್ಲಿ ಜೆಸಿಬಿ, ಟ್ರ್ಯಾಕ್ಟರ್ ಬಾಡಿಗೆ ನಡೆಯುವುದು ತಾಸಿನ ಲೆಕ್ಕದಲ್ಲಿ. ಯಾರ ಹೊಲದಲ್ಲಿ ಎಷ್ಟು ತಾಸು ಓಡಿತು, ಎಷ್ಟು ಮುಂಗಡ ಬಂತು, ಎಷ್ಟು ಬಾಕಿ ಎಂಬುದೆಲ್ಲ ಹಳೆಯ ತಂತ್ರಾಂಶದಲ್ಲಿ ಸಿಕ್ಕಿಕೊಂಡ ಕಾಕಾ ಒಬ್ಬರು ನನಗೆ ಹೇಳಿದರು: ‘ತಮ್ಮಾ, ಹೊಸಾದು ಹಾಕೂದು ದೊಡ್ಡ ಮಾತಲ್ಲ. ಹಳೀ ಬಾಕಿ ಹೊರಗ ಹೆಂಗ ತರೂದು?’

ನಿಜವಾದ ಪ್ರಶ್ನೆ ಇದೇ. ಜಿಎಸ್‌ಟಿ ಕಾನೂನಿನ 36ನೇ ಕಲಂ ಪ್ರಕಾರ, ನೋಂದಾಯಿತ ವ್ಯಾಪಾರಿ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕು. ತಂತ್ರಾಂಶ ನಡುವೆಯೇ ಕಣ್ಣುಮುಚ್ಚಿದರೂ ಆ ಹೊಣೆ ವ್ಯಾಪಾರಿಯದೇ.

ಹಾಗಾಗಿ ಹೊಸ ತಂತ್ರಾಂಶ ಆರಿಸುವಾಗ ಬೆಲೆ, ಬಣ್ಣ ನೋಡುವ ಮೊದಲು ಕೇಳಬೇಕಾದದ್ದು: ನಾಳೆ ಇದನ್ನು ಬಿಟ್ಟರೆ ನನ್ನ ಲೆಕ್ಕ ಸಿಎಸ್‌ವಿಯಂಥ, ಎಲ್ಲೆಡೆ ತೆರೆಯುವ ಕಡತವಾಗಿ ಕೈಗೆ ಸಿಗುತ್ತದೆಯೇ? ಇಂಟರ್ನೆಟ್ ಹೋದಾಗ ನಡೆಯುತ್ತದೆಯೇ? ವರ್ಷದ ಬಾಡಿಗೆ ಕಟ್ಟದಿದ್ದರೆ ಹಳೆಯ ಬಿಲ್ಲಾದರೂ ಕಾಣುತ್ತದೆಯೇ? ಇದಕ್ಕೆ ನೇರ ಉತ್ತರ ಕೊಡದವರಿಂದ ಕೊಳ್ಳಬಾರದು. ಸಣ್ಣ ವ್ಯವಹಾರಕ್ಕೆ ಲಿಬ್ರೆ ಆಫೀಸ್‌ನ ಉಚಿತ ಸ್ಪ್ರೆಡ್‌ಶೀಟೇ ಸಾಕಾಗಬಹುದು. ದೊಡ್ಡದಕ್ಕೆ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶಗಳಿವೆ. ಯಾವುದೇ ಆಗಲಿ, ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಜೊತೆಗೇ ನಡೆಸಿ, ಮೊತ್ತ ತಾಳೆಯಾದ ಮೇಲಷ್ಟೇ ಹಳೆಯದನ್ನು ಬಿಡಬೇಕು.

ಇದರಲ್ಲಿ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಕೆಲಸವಿದೆ. ಕೊನೆಯ ವರ್ಷದ ಎಷ್ಟೋ ಪ್ರಾಜೆಕ್ಟ್‌ಗಳು ವೈವಾ ಮುಗಿದ ದಿನವೇ ಮೂಲೆ ಸೇರುತ್ತವೆ. ಅದರ ಬದಲು ಊರಿನ ಒಂದು ಅಂಗಡಿಯ ಹಳೆಯ ಲೆಕ್ಕವನ್ನು ಒಂದು ಪೈಸೆಯೂ ತಪ್ಪದಂತೆ ಹೊಸ ತಂತ್ರಾಂಶಕ್ಕೆ ಸಾಗಿಸಿಕೊಡೋಣ. ದೊಡ್ಡ ಕಂಪನಿಗಳು ‘ಡೇಟಾ ಮೈಗ್ರೇಷನ್’ ಎಂದು ಸಂಬಳ ಕೊಟ್ಟು ಮಾಡಿಸುವ ಕೆಲಸ ಇದೇ. ಸಂದರ್ಶನದಲ್ಲಿ ಹೇಳಿಕೊಳ್ಳಲು ಇದಕ್ಕಿಂತ ಗಟ್ಟಿ ಅನುಭವ ಬೇಕೆ?

ನಾಳೆ ನಾವೇ ತಂತ್ರಾಂಶ ಬರೆಯುವವರು. ಗಿರಾಕಿ ಬಿಟ್ಟುಹೋಗುವ ದಿನ ಅವನ ಲೆಕ್ಕವನ್ನು ಅವನ ಕೈಗೇ ಕೊಟ್ಟು ಕಳಿಸುವ ಬಾಗಿಲನ್ನು ಮೊದಲ ದಿನವೇ ಕಟ್ಟೋಣ.